ಎರಡನೇ ಲೇನಿನ ನೆರಳು

ಆನ್ಸೆಲ್ಮ್ ಅವರನ್ನು ನಾನು ಮೊದಲು ನೋಡಿದ್ದು ಎರಡೂ ಕೈ ಮೇಲೆತ್ತಿಕೊಂಡು.

ತಪ್ಪು ನನ್ನದಲ್ಲ. ಕ್ಲಬ್ಬಿನ ವರ್ಕ್‌ಶಾಪಿಗೆ ಒಂದು ಫೈಲ್ ಕೊಡಲು ಹೋಗಿದ್ದೆ. ಬಾಗಿಲು ತಳ್ಳಿದರೆ ಎದುರಿಗೇ ಜೋಡಿ ನಳಿಗೆಯ ಬಂದೂಕು, ಎರಡೂ ಬಾಯಿ ನನ್ನ ಕಡೆಗೆ. ಅದರ ಹಿಂದೆ, ವಾಚ್ ರಿಪೇರಿಯವರ ಹಾಗೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಮನುಷ್ಯ. ಆ ಗಾಜಿನೊಳಗಿಂದ ಒಂದು ದೊಡ್ಡ ಕಣ್ಣು ನನ್ನನ್ನು ನೋಡಿತು.

“ಎಂತ ಮಾರಾಯ್ರೆ, ಕೈ ಇಳಿಸಿ,” ಎಂದರು. “ಇದರಲ್ಲಿ ತೋಟೆ ಇಲ್ಲ. ಟ್ರಿಗರ್ ಕೂಡ ಇಲ್ಲ. ಟ್ರಿಗರ್ ಇಲ್ಲಿ ಟೇಬಲ್ ಮೇಲೆ ಉಂಟು.”

“ಹೋಗ್ರೀ, ಅದು ಬಂದೂಕಿಗೆ ಗೊತ್ತಾ?” ಎಂದು ಫೈಲನ್ನು ನೆಲದ ಮೇಲೇ ಇಟ್ಟು ಓಡಿ ಬಂದೆ.

ಮರುದಿನ ಹೋದಾಗ ಬಂದೂಕು ಕಚ್ಚಿ ಹಿಡಿದಿದ್ದ ವೈಸ್, ಅಂದರೆ ಮೇಜಿನ ಕಬ್ಬಿಣದ ಇಕ್ಕಳ, ಗೋಡೆಯ ಕಡೆಗೆ ತಿರುಗಿತ್ತು. ಬೋಲ್ಟ್ ಬಿಚ್ಚಿ ಕಿತ್ತ ಜಾಗದಲ್ಲಿ ಮೇಜಿನ ಮೇಲೆ ನಾಲ್ಕು ಖಾಲಿ ತೂತು. ನಾನು ಆ ತೂತುಗಳನ್ನು ನೋಡಿದ್ದನ್ನು ಅವರು ನೋಡಿದರು.

ನಾನು ಹುಟ್ಟಾ ಪುಕ್ಕಲಿ. ಮೈಸೂರಿನಲ್ಲಿ ದೀಪಾವಳಿ ಮೂರೂ ದಿನ ಕಿವಿಗೆ ಹತ್ತಿ ಇಟ್ಟುಕೊಂಡು ಬೆಳೆದವಳು. ದುಬೈ ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲ್. ಮೂರನೇ ಸಲ ಅತ್ತಿದ್ದೂ ಆಯಿತು. ಇಂಥವಳಿಗೆ 2003ರಲ್ಲಿ ಸಿಕ್ಕ ಕೆಲಸ, ಊರಾಚೆ ಮರಳಿನ ನಡುವಿನ ಶೂಟಿಂಗ್ ಕ್ಲಬ್ಬಿನಲ್ಲಿ ಮೆಂಬರ್‌ಶಿಪ್ ಡೆಸ್ಕ್. ನೋಡಿ ನಗುವವರು ನಗಲಿ. ಅಲ್ ಕುಸೈಸ್‌ನ ಫ್ಲ್ಯಾಟಿನಿಂದ ಸ್ಟಾಫ್ ಬಸ್ಸಿನಲ್ಲಿ ಹೋಗಿ, ಕಂಪ್ಯೂಟರ್ ಮುಂದೆ ಕೂತು, ಹೊರಗೆ ಪ್ರತಿ ‘ಢಂ’ಗೂ ಒಂದೊಂದು ಸಲ ಬೆಚ್ಚಿ ಸಂಜೆ ಮಾಡುತ್ತಿದ್ದೆ.

ಆ ಫೆಬ್ರವರಿಯಲ್ಲಿ ಕ್ಲಬ್ಬಿನಲ್ಲಿ ಕೌಬಾಯ್ ಶೂಟಿಂಗ್ ಸ್ಪರ್ಧೆ. ಆಯಿಲ್ ಕಂಪನಿಗಳ ದೊರೆಗಳೆಲ್ಲ ಅಗಲ ಟೋಪಿ, ಬೂಟು, ಸೊಂಟಕ್ಕೆ ತೋಟೆಯ ಪಟ್ಟಿ ಹಾಕಿಕೊಂಡು ಬರುವ ಆಟ. ಆಟಕ್ಕೆ ಪ್ರತಿಯೊಬ್ಬರಿಗೂ ಒಂದು ಸುಳ್ಳು ಹೆಸರು. ಕ್ಲಬ್ಬಿನ ಅತಿ ದೊಡ್ಡ ಮೆಂಬರ್ ‘ಕ್ಯಾಮೆಲ್ ಕಿಡ್’; ವಯಸ್ಸು ಅರವತ್ತೆರಡು. ಮೇಜಿನ ಮೇಲೆ ತೆರೆದಿಟ್ಟ ಖಾಲಿ ಬಂದೂಕನ್ನು ಬೀಪ್ ಆದ ಕೂಡಲೇ ಎತ್ತಬೇಕು. ಎರಡು ತೋಟೆ ತುಂಬಿ, ಪಟ್ಟನೆ ಮುಚ್ಚಿ, ಎರಡು ಕಬ್ಬಿಣದ ಫಲಕ ಬೀಳಿಸಿ, ಬಂದೂಕನ್ನು ನಡುವೆ ಬಗ್ಗಿಸಿ ತೆರೆದು ಖಾಲಿ ತೋಟೆ ಒದರಿ, ಮತ್ತೆ ಎರಡು. ಯಾರು ಬೇಗ ಮುಗಿಸುತ್ತಾರೋ ಅವರು ಗೆದ್ದ ಹಾಗೆ.

ಆ ಬೀಪ್ ಕೊಡುವವರು ಶೂಟರಿನ ಬಲಭುಜದ ಹಿಂದೆ, ಒಂದು ಮಾರು ದೂರದಲ್ಲಿ ನಿಲ್ಲಬೇಕು. ಗುಂಡು ಹಾರಿಸುವ ಲೇನ್ ಎರಡು; ಕಿಡ್‌ನ ಎರಡನೇ ಲೇನಿಗೆ ರೇಂಜಿನ ಹಳಬರು ರುಡೊಲ್ಫ್ ಅಂಕಲ್. ಒಂದನೇ ಲೇನಿನ ಹುಡುಗಿ ಕೆಲಸ ಬಿಟ್ಟು ಹೋಗಿದ್ದಳು. ಮ್ಯಾನೇಜರ್ ದ್ವಾರಕನಾಥ್ ಸರ್ ಬೀಪ್ ಕೊಡುವ ಟೈಮರನ್ನು ನನ್ನ ಮೇಜಿನ ಮೇಲಿಟ್ಟು, “ಕೋಕಿಲಾ, ನೀವೇ. ಖಲಾಸ್,” ಎಂದರು. ಆಗಲ್ಲ ಎನ್ನಲೂ ನನಗೆ ಭಯವಾಯಿತು.

ಹೀಗೆ ನನ್ನ ಭಯ ಬಿಡಿಸುವ ಕೆಲಸ ಆನ್ಸೆಲ್ಮ್ ಪಾಲಿಗೆ ಬಂತು. ದಿನಾ ಮಧ್ಯಾಹ್ನ ಫ್ಲಾಸ್ಕಿನಲ್ಲಿ ಸುಲೈಮಾನಿ ಚಹಾ ಹಿಡಿದು ವರ್ಕ್‌ಶಾಪಿಗೆ ಹೋಗುತ್ತಿದ್ದೆ. ಅವರು ಕಿಡ್‌ನ ಹಳೆಯ ಜೋಡಿ ನಳಿಗೆಯನ್ನು ಸ್ಪರ್ಧೆಗೆ ಹದ ಮಾಡುತ್ತಿದ್ದರು. ತೋಟೆ ಕೂರುವ ಜಾಗವನ್ನು ಕನ್ನಡಿಯಂತೆ ಪಾಲಿಷ್ ಮಾಡಿದ್ದರು. ಹೆಬ್ಬೆರಳು ಸೋಕಿದರೆ ಬಂದೂಕು ತೆರೆಯುವ ಹಾಗೆ ಸ್ಪ್ರಿಂಗ್ ಸಡಿಲಿಸಿದ್ದರು. ಅವರ ಮನೆಯಲ್ಲಿ, ಬಂಟ್ವಾಳದ ಕಡೆ, ಅಜ್ಜನ ಕಾಲದಿಂದ ಕೋವಿ ರಿಪೇರಿಯಂತೆ.

“ಕೈ ಕೊಡಿ,” ಎಂದರು ಒಂದು ದಿನ.

“ಯಾಕೆ?”

“ತಿನ್ನುದಿಲ್ಲ ನಾನು. ಟ್ರಿಗರ್ ಎಷ್ಟು ಹಗುರ ಉಂಟು ನೋಡಿ.”

ಕಣ್ಣು ಮುಚ್ಚಿ ಬೆರಳಿಟ್ಟೆ. ಒಳಗೆ ‘ಟಿಕ್’ ಎಂದಿತು, ಅಷ್ಟೇ. ಕಣ್ಣು ಬಿಟ್ಟಾಗ ಅವರು ಬಂದೂಕನ್ನು ನೋಡುತ್ತಿರಲಿಲ್ಲ. ನಾನು ನೋಡಿದ ಕೂಡಲೇ ಗಡಬಡಿಸಿ ಭೂತಗನ್ನಡಿ ಎತ್ತಿ, ತಪ್ಪು ಕಣ್ಣಿಗೆ ಸಿಕ್ಕಿಸಿಕೊಂಡರು.

“ಅದರಲ್ಲಿ ನಾನು ಹೇಗೆ ಕಾಣ್ತೀನಿ?”

“ಹೆದರಿಕೆ ದೊಡ್ಡದು ಕಾಣ್ತದೆ. ಬಾಕಿ ಎಲ್ಲ ಸರಿ ಉಂಟು.”

“ಬಾಕಿ ಎಲ್ಲ ಅಂದ್ರೆ?”

ಅವರು ಕಿವಿವರೆಗೆ ಕೆಂಪಾದರು. ಅವತ್ತು ಬಸ್ಸಿನಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತಾ ಮನೆಗೆ ಬಂದೆ.

ಕಿಡ್‌ಗೆ ಆ ಟಿಕ್ ಸಾಲಲಿಲ್ಲ. ಇನ್ನೂ ಹಗುರ ಬೇಕಂತೆ. ಆನ್ಸೆಲ್ಮ್ ಒಪ್ಪಲಿಲ್ಲ. ತೋಟೆಯ ಕೇಪಿಗೆ ಹೊಡೆಯುವ ಹ್ಯಾಮರನ್ನು ಹಿಡಿದಿಡುವುದು ಒಳಗಿನ ಒಂದು ಸಣ್ಣ ಕಚ್ಚು. ಅದನ್ನು ಹೆಚ್ಚು ಅರ ಹಾಕಿದರೆ ಬೆರಳು ಮುಟ್ಟದೆಯೇ, ಬಂದೂಕು ಮುಚ್ಚಿದ ಪೆಟ್ಟಿಗೇ ಗುಂಡು ಹಾರಬಹುದು, ಕಿಡ್ ಬಲಕ್ಕೆ ಬೀಸಿ ಮುಚ್ಚುವುದರಿಂದ ಅದು ಹಿಂದೆ ನಿಂತವರಿಗೇ ತಾಗಬಹುದು ಎಂದು ನನಗೂ ವಿವರಿಸಿದ್ದರು. ಆದರೆ ದ್ವಾರಕನಾಥ್ ಸರ್ ಬಂದು, “ಆಗಲ್ಲ ಅಂದ್ರೆ ಆಗೋರನ್ನ ತರಿಸ್ತೀನಿ,” ಎಂದು ಹೋದರು. ಆಮೇಲೆ ಎರಡು ದಿನ ಆನ್ಸೆಲ್ಮ್ ಅರ ಹಿಡಿದು ತಲೆ ತಗ್ಗಿಸಿ ಕೂತಿದ್ದರು. ಚಹಾ ಆರಿಹೋಗುತ್ತಿತ್ತು.

ಗುರುವಾರ ಬಂದೂಕನ್ನು ಒಪ್ಪಿಸಿದರು. ‘ಸೇಫ್’ ಎಂಬ ಕಾಗದಕ್ಕೆ ಅವರ ಸಹಿ ಬಿತ್ತು. ಅದನ್ನು ಫೈಲಿಗೆ ಹಾಕಿದವಳು ನಾನೇ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಬಿಸಿಲು. ಒಂದನೇ ಲೇನಿನಲ್ಲಿ ನಾನು ಟೈಮರ್ ಹಿಡಿದು ಬೆವರುವುದನ್ನು ರುಡೊಲ್ಫ್ ಅಂಕಲ್ ನೋಡಿದರು.

“ನಿನ್ನ ಮುಖ ನೋಡಿದ್ರೆ ಈಗ ಬೀಳ್ತಿ ಮಗಾ. ನನ್ನ ಲೇನಿಗೆ ಹೋಗು, ಅಲ್ಲಿ ಚಪ್ಪರದ ನೆರಳು ಉಂಟು. ಬಿಸಿಲು ನನಗೆ ಅಭ್ಯಾಸ.”

ಹಾಗೆ ನಾನು ಎರಡನೇ ಲೇನಿಗೆ ಬಂದೆ. ಮೊದಲನೆಯವರೇ ಕ್ಯಾಮೆಲ್ ಕಿಡ್. ಅವರ ಬಲಭುಜದ ಹಿಂದೆ ನಿಂತೆ. ಅವರ ಬೆವರಿನ ವಾಸನೆ ನನಗೆ ಬರುವಷ್ಟು ಹತ್ತಿರ. ಹೆಬ್ಬೆರಳು ಗುಂಡಿಯ ಮೇಲಿತ್ತು.

“ನಿಲ್ಲಿಸಿ!”

ಆನ್ಸೆಲ್ಮ್ ವರ್ಕ್‌ಶಾಪಿನಿಂದ ಮರಳಿನಲ್ಲಿ ಎಡವುತ್ತಾ ಓಡಿ ಬರುತ್ತಿದ್ದರು. ಬಂದವರು ನೇರವಾಗಿ ಮೇಜಿನ ಮೇಲಿದ್ದ ಬಂದೂಕಿನ ಮೇಲೆ ಕೈ ಇಟ್ಟರು. “ಸರ್, ನಾಟ್ ಸೇಫ್. ನಾನೇ ಹೆಚ್ಚು ಅರ ಹಾಕಿದ್ದು.”

ಕಿಡ್ ನಕ್ಕರು. ದ್ವಾರಕನಾಥ್ ಸರ್ ನಗಲಿಲ್ಲ. “ಹಾಗಾದ್ರೆ ತೋರಿಸು,” ಎಂದರು.

ಆನ್ಸೆಲ್ಮ್ ಮದ್ದೂ ಗುಂಡೂ ಇಲ್ಲದ, ಬರೀ ಕೇಪು ಇರುವ ಎರಡು ತೋಟೆ ತುಂಬಿದರು. ನಳಿಗೆಯನ್ನು ಮರಳಿನ ದಿಬ್ಬಕ್ಕೆ ತಿರುಗಿಸಿ, ಟ್ರಿಗರಿನಿಂದ ಕೈ ದೂರವಿಟ್ಟು, ಕಿಡ್ ಮುಚ್ಚುವ ಹಾಗೆಯೇ ಬೀಸಿ ಮುಚ್ಚಿದರು. ಏನೂ ಆಗಲಿಲ್ಲ. ತೆರೆದು ಮತ್ತೆ ಮುಚ್ಚಿದರು. ಏನೂ ಇಲ್ಲ. ಐದು ಸಲ, ಆರು ಸಲ. ಕಿಡ್ ವಾಚ್ ನೋಡಿಕೊಂಡರು. ದೇವರೇ, ಇವರ ಮಾತು ಸುಳ್ಳಾಗಲಿ ಎನ್ನಲೋ, ನಿಜವಾಗಲಿ ಎನ್ನಲೋ ನನಗೆ ತಿಳಿಯಲಿಲ್ಲ.

ಏಳನೇ ಸಲ ‘ಟಪ್’ ಎಂದಿತು.

ಸಣ್ಣ ಸದ್ದು. ದೀಪಾವಳಿಯ ಚಿಕ್ಕ ಪಟಾಕಿಗಿಂತ ಸಣ್ಣದು. ಆದರೂ ನನ್ನ ಕೈಯಿಂದ ಟೈಮರ್ ಜಾರಿ ಮರಳಿಗೆ ಬಿತ್ತು.

“ನಿನ್ನೆ ಸಹಿ ಹಾಕಿದ್ದು ಯಾರು?” ದ್ವಾರಕನಾಥ್ ಸರ್ ಕೇಳಿದರು.

“ನಾನೇ ಸರ್.”

“ವೀಸಾ ಕ್ಯಾನ್ಸಲ್. ಒಂದು ವಾರದೊಳಗೆ ಊರಿಗೆ ಹೊರಡು.”

ಕಿಡ್ ಕ್ಲಬ್ಬಿನ ಬೇರೆ ಬಂದೂಕು ತೆಗೆದುಕೊಂಡರು. ಸ್ಪರ್ಧೆ ನಡೆಯಿತು. ನಾನು ಬೀಪ್ ಒತ್ತಿದೆ, ಬೆಚ್ಚಿದೆ, ಮತ್ತೆ ಒತ್ತಿದೆ. ಎಲ್ಲ ಮುಗಿದ ಮೇಲೆ ವರ್ಕ್‌ಶಾಪಿಗೆ ಹೋದರೆ ಅವರು ಟೂಲ್ ಬಾಕ್ಸ್ ತುಂಬುತ್ತಿದ್ದರು.

“ಯಾವಾಗ ಗೊತ್ತಾಯ್ತು ನಿಮಗೆ?”

“ಬುಧವಾರ.” ತಲೆ ಎತ್ತಲಿಲ್ಲ. “ಐವತ್ತು ಸಲ ಮುಚ್ಚಿ ನೋಡಿದೆ. ಒಮ್ಮೆ ಹ್ಯಾಮರ್ ತಾನೇ ಬಿತ್ತು. ನನ್ನ ಕೈ ತಾಗಿದ್ದಿರಬಹುದು ಅಂತ ಮನಸ್ಸಿಗೆ ಹೇಳಿಕೊಂಡೆ.”

“ಗೊತ್ತಿದ್ದೂ ಸಹಿ ಹಾಕಿದ್ರಾ?”

“ಹಾಳು ಮಾಡಿದೆ ಅಂತ ಹೇಳಿದ್ರೆ ಕೆಲಸ ಹೋಗ್ತದೆ. ಕೆಲಸ ಹೋದ್ರೆ ನಾನು ಊರಲ್ಲಿ, ನೀವು ಇಲ್ಲಿ.” ಅರವನ್ನು ಎತ್ತಿ ಬಾಕ್ಸಿಗೆ ಹಾಕಿದರು. “ಪಟ್ಟಿಯಲ್ಲಿ ಎರಡನೇ ಲೇನಿಗೆ ರುಡೊಲ್ಫ್ ಅಂಕಲ್ ಹೆಸರಿತ್ತು, ಕೋಕಿಲಾ. ಎಂತ ಆಗುದಿಲ್ಲ ಅಂದುಕೊಂಡೆ. ಇವತ್ತು ಕಿಟಕಿಯಲ್ಲಿ ನೋಡ್ತೇನೆ, ಅಲ್ಲಿ ನೀವು ನಿಂತಿದ್ದೀರಿ. ಆಗ ಹಾಗೆ ಅಂದುಕೊಳ್ಳಲಿಕ್ಕೆ ಆಗಲಿಲ್ಲ.”

ನನ್ನನ್ನು ಒಬ್ಬರು ಇಷ್ಟು ಪ್ರೀತಿಸುತ್ತಾರೆ ಎಂದು ಕೇಳಲು ಇಪ್ಪತ್ತೆಂಟು ವರ್ಷ ಕಾದಿದ್ದೆ. ಅದು ಹೀಗೆ ಬರುತ್ತದೆ ಎಂದುಕೊಂಡಿರಲಿಲ್ಲ. ಆದರೂ, ಸುಳ್ಳು ಯಾಕೆ ಹೇಳಲಿ, ಎಲ್ಲೋ ಒಂದು ಕಡೆ ಸಂತೋಷವೂ ಆಯಿತು. ಆ ಸಂತೋಷವೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

“ಅಂಕಲ್‌ಗೆ ಹೇಳಿ,” ಎಂದೆ.

“ಹೇಗೆ ಹೇಳುದು?”

“ನನಗೆ ಹೇಳಿದ ಹಾಗೇ. ಬನ್ನಿ, ನಾನೂ ಬರ್ತೀನಿ.”

ರುಡೊಲ್ಫ್ ಅಂಕಲ್ ಒಂದನೇ ಲೇನಿನ ಬಿಸಿಲಿನಲ್ಲಿ ಬಗ್ಗಿ ಖಾಲಿ ತೋಟೆ ಹೆಕ್ಕಿ ಬಕೆಟಿಗೆ ಹಾಕುತ್ತಿದ್ದರು. ಆನ್ಸೆಲ್ಮ್ ಕೊಂಕಣಿಯಲ್ಲಿ ಹೇಳಿದರು. ನನಗೆ ಮಾತು ಅರ್ಥವಾಗಲಿಲ್ಲ. ಅಂಕಲ್ ಮುಖ ಮಾತ್ರ ನೋಡಿದೆ. ಅವರು ನಿಧಾನವಾಗಿ ಬಕೆಟ್ ಕೆಳಗಿಟ್ಟರು. ನನಗೂ ಕೇಳಲಿ ಎಂದೋ ಏನೋ, ಕನ್ನಡದಲ್ಲಿ ಮಾತಾಡಿದರು.

“ನನ್ನ ಹೆಂಡತಿಗೆ ಇದನ್ನು ನಾನು ಹೇಳುದಿಲ್ಲ. ಪ್ರತಿ ಕ್ರಿಸ್ಮಸ್‌ಗೆ ನಿನಗೆ ಅಂತ ಬೇರೆ ಡಬ್ಬಿಯಲ್ಲಿ ಕುಸ್ವಾರ್ ತಿಂಡಿ ಕಳಿಸ್ತಾಳೆ ಅವಳು. ನೆವರಿ ನಿನಗೆ ಇಷ್ಟ ಅಂತ.”

ಆನ್ಸೆಲ್ಮ್ ಅಲ್ಲೇ ಮರಳಿನ ಮೇಲೆ ಕುಕ್ಕರಿಸಿ ಅತ್ತರು. ಅಂಕಲ್ ಬಕೆಟ್ ಎತ್ತಿಕೊಂಡು ಸ್ಟೋರಿನ ಕಡೆ ನಡೆದರು.

ಸಂಜೆಯ ಬಸ್ಸಿನಲ್ಲಿ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಆನ್ಸೆಲ್ಮ್ ಕೊನೆಯ ಸೀಟಿನಲ್ಲಿ ಒಬ್ಬರೇ ಕೂತಿದ್ದರು. ಅವರ ಮುಂದಿನ ಎರಡು ಸಾಲು ಖಾಲಿ. ನಾನು ಎಂದಿನಂತೆ ಮುಂದೆ, ಹೆಂಗಸರ ಜೊತೆ. ಹಿಂದೆ ಹೋದರೆ ನಾಳೆಯಿಂದ ಆಫೀಸಿನಲ್ಲಿ ಏನು ಮಾತಾಡುತ್ತಾರೆ, ಅದು ಮೈಸೂರಿಗೆ ಎಷ್ಟು ದಿನದಲ್ಲಿ ಮುಟ್ಟುತ್ತದೆ, ಅಮ್ಮ ಎಷ್ಟು ದಿನ ಮಾತು ಬಿಡುತ್ತಾಳೆ, ಎಲ್ಲ ಲೆಕ್ಕ ಹಾಕಿದೆ. ಬಸ್ ಹೆದ್ದಾರಿಗೆ ತಿರುಗಿದಾಗ ಎದ್ದು ಕೊನೆಯ ಸೀಟಿನ ಬಳಿ ಹೋಗಿ ನಿಂತೆ.

“ಎಲ್ಲರೂ ನೋಡ್ತಾ ಇದ್ದಾರೆ,” ಎಂದರು ಅವರು.

“ಗೊತ್ತು. ಒಂದು ಮಾತು ಹೇಳಿ. ಪಟ್ಟಿಯಲ್ಲಿ ಯಾರ ಹೆಸರಿದ್ರೂ ಇವತ್ತಿನ ಹಾಗೇ ಓಡಿ ಬರ್ತೀರಾ?”

ಥಟ್ಟನೆ ಹೂಂ ಎನ್ನಲಿಲ್ಲ. ಅದು ನನಗೆ ಹಿಡಿಸಿತು. ಒಂದು ಸಿಗ್ನಲ್ ದಾಟಿದ ಮೇಲೆ, “ಓಡ್ತೇನೆ,” ಎಂದರು.

“ಮೇ ತಿಂಗಳಲ್ಲಿ ನನಗೆ ರಜ. ಮೈಸೂರಿಗೆ ಬನ್ನಿ. ಅಮ್ಮ ಪರವಾಗಿಲ್ಲ, ಸೋದರಮಾವನ್ನ ಕಂಡ್ರೆ ಮಾತ್ರ ಭಯ.”

ಅವರು ನನ್ನನ್ನು ನೋಡಿದರು. ಗಾಜಿಲ್ಲದ, ಊದಿಕೊಂಡ ಎರಡೂ ಕಣ್ಣಿನಲ್ಲಿ. “ನನ್ನನ್ನು ಕಂಡ್ರೆ ಭಯ ಆಗುದಿಲ್ವಾ?”

“ಆಗತ್ತೆ.”

“ಮತ್ತೆ ಎಂತಕ್ಕೆ ಬಂದ್ರಿ ಇಲ್ಲಿ?”

“ಒಬ್ಬಳೇ ಕೂತು ಹೆದರಿ ಹೆದರಿ ಸಾಕಾಗಿದೆ ಕಣ್ರೀ. ಸ್ವಲ್ಪ ಸರೀರಿ.”

ಅವರು ಟೂಲ್ ಬಾಕ್ಸನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಕಿಟಕಿಯ ಕಡೆಗೆ ಸರಿದರು.