ಬೂದಿ ಗೆರೆಯ ಆಚೆ

ಸೆರಗಿಗೆ ಬೆಂಕಿ ಹತ್ತಿದ್ದು ನಿಂಗವ್ವನಿಗೆ ಮೊದಲು ಗೊತ್ತಾಗಲೇ ಇಲ್ಲ.

ಗಡಿಗೆ ಸುಡುವ ಆವಿಗೆಯ ಬಾಯಿಗೆ ಕಟ್ಟಿಗೆ ಒಡ್ಡಿ ತಿರುಗಿದ್ದಳು, ಅಷ್ಟೆ. ಬೆನ್ನ ಹಿಂದೆ ಚುರ್ ಎಂದಿತು. ಕೂಗಲು ಬಾಯಿ ತೆರೆದಳು... ದನಿ ಹೊರಡಲಿಲ್ಲ. ಹೆದರಿದಾಗಲೆಲ್ಲ ಅವಳ ದನಿ ಹೀಗೆಯೇ ಗಂಟಲಲ್ಲಿ ಕೂತುಬಿಡುತ್ತಿತ್ತು.

ಯಾರೋ ಒಬ್ಬ ಓಡಿ ಬಂದ. ಉರಿಯುವ ಸೆರಗನ್ನು ಎರಡೂ ಅಂಗೈಗಳಲ್ಲಿ ಹಿಡಿದು ಹರಿದು, ನೆಲಕ್ಕೆ ಒತ್ತಿ, ಮಣ್ಣು ಸುರಿದ.

"ಮೈಗೆ ಎಲ್ಲ್ಯಾರ ಸುಟ್ತೇನು?"

ನಿಂಗವ್ವ ಇಲ್ಲವೆಂದು ತಲೆಯಾಡಿಸಿದಳು. ಅವನ ಅಂಗೈಯ ಚರ್ಮ ಎದ್ದು ಬಂದಿತ್ತು. ಅವನು ಅದನ್ನು ನೋಡಿಕೊಳ್ಳದೆ ಅವಳನ್ನೇ ನೋಡುತ್ತಿದ್ದ.

ಅವನು ಗುರುಪುತ್ರಪ್ಪ. ಬೆಳಗಾವಿಯ ದಂಡಿನ ಕ್ಯಾಂಪಿನ ಕ್ರೈಸ್ತರವನು. ಕಾಡಿನಿಂದ ಕಟ್ಟಿಗೆ ತುಂಬಿದ ಚಕ್ಕಡಿ ಹೊಡೆದುಕೊಂಡು ಖಾನಾಪುರದ ಕುಂಬಾರರಿಗೆ ತಂದು ಹಾಕುತ್ತಿದ್ದ. ಆರು ತಿಂಗಳಲ್ಲಿ ಒಂದು ದಿನವೂ ಅವಳ ಕಡೆಗೆ ಕಣ್ಣೆತ್ತಿದವನಲ್ಲ. ಇವತ್ತು ಇಷ್ಟು ಹತ್ತಿರ...

ಇಬ್ಬರೂ ಒಮ್ಮೆಲೇ ನೆಲ ನೋಡಿದರು. ಅವನ ಕಾಲು ಬೂದಿ ಗೆರೆಯ ಒಳಗಿತ್ತು.

ಆವಿಗೆಗೆ ಬೆಂಕಿ ಇಡುವ ಮೊದಲು ಸುತ್ತಲೂ ಬೂದಿಯ ಗೆರೆ ಎಳೆಯುವುದು ಆ ಓಣಿಯ ಪದ್ಧತಿ. ಆವಿಗೆ ಆರುವ ತನಕ ಹೊರಗಿನವರು ಅದನ್ನು ದಾಟಬಾರದು. ದಾಟಿದರೆ ಗಡಿಗೆ ಉಳಿಯುವುದಿಲ್ಲವೆಂದು ಹಿರಿಯರ ಮಾತು.

ಒಳಗೆ ಧಡ್ ಎಂದು ಸದ್ದಾಯಿತು. ಆಮೇಲೆ ಇನ್ನೊಂದು. ಅರಳು ಹುರಿದ ಹಾಗೆ ಒಂದರ ಹಿಂದೊಂದು ಗಡಿಗೆಗಳು ಸಿಡಿಯತೊಡಗಿದವು. ಒಂದು ತಿಂಗಳ ದುಡಿಮೆ.

ನಿಂಗವ್ವನ ಅಣ್ಣ ಲಕ್ಷ್ಮಪ್ಪ ಓಡಿ ಬಂದ. "ಗೆರಿ ದಾಟಿದಾವ ಯಾವ?"

ಉತ್ತರಕ್ಕೆ ಅವನು ಕಾಯಲಿಲ್ಲ. ಕೈಗೆ ಸಿಕ್ಕ ಕೊರಡಿನಿಂದ ಗುರುಪುತ್ರಪ್ಪನ ಎಡಗಿವಿಯ ಮೇಲೆ ಬೀಸಿದ. ಅವನು ಬಿದ್ದ ಮೇಲೆ ಓಣಿಯ ನಾಲ್ಕು ಮಂದಿ ಸೇರಿಕೊಂಡರು. ಪಕ್ಕೆಗೆ ಒದ್ದರು. ಸುಟ್ಟ ಕೈಗಳನ್ನು ಮೆಟ್ಟಿನಲ್ಲಿ ತುಳಿದರು. ಅವನು ಒಂದು ಬಾರಿಯೂ ಕೈ ಎತ್ತಲಿಲ್ಲ.

ನಿಂಗವ್ವನಿಗೆ ಖರೇ ಸಂಗತಿ ಗೊತ್ತಿತ್ತು.

ಹಸಿ ಗಡಿಗೆ ಒಣಗಿದೆಯೋ ಇಲ್ಲವೋ ಎಂದು ಕುಂಬಾರರು ಕೆನ್ನೆಗೆ ಹಚ್ಚಿ ನೋಡುತ್ತಾರೆ. ಒಣಗಿದ್ದರೆ ತಂಪು ಇರುವುದಿಲ್ಲ. ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಮುಗಿದು ತಿಂಗಳಾಗಿತ್ತಷ್ಟೆ. ದಿನಾ ಮಂಜು, ಬಿಸಿಲೇ ಇಲ್ಲ. ಆ ದಿನ ಬೆಳಿಗ್ಗೆ ಅವಳು ಕೆನ್ನೆಗೆ ಹಚ್ಚಿದ ಗಡಿಗೆಗಳು ಹೊಳೆಯ ಕಲ್ಲಿನಷ್ಟು ತಣ್ಣಗಿದ್ದವು. ಅಂಥವನ್ನು ಬೆಂಕಿಗಿಟ್ಟರೆ ಒಳಗಿನ ನೀರು ಕುದಿದು ಸಿಡಿಯುತ್ತವೆ. ಹೇಳಲು ಹೋಗಿದ್ದಳು. ಅಣ್ಣ ಗಡಿಗೆ ತಟ್ಟುವ ಹಲಗೆಯ ಕಡೆಗೆ ನೋಡಿದ್ದ. ಅವಳ ಹುಬ್ಬಿನ ಮೇಲೆ ಆ ಹಲಗೆಯ ಹಳೆಯ ಗಾಯವಿತ್ತು. ಸುಮ್ಮನಾಗಿದ್ದಳು.

'ಈಗರ ಹೇಳು... ಒಂದು ಮಾತು... ಹೇಳು...'

"ನಿಂಗವ್ವಾ," ಲಕ್ಷ್ಮಪ್ಪ ಏದುಸಿರು ಬಿಡುತ್ತ ಕೇಳಿದ, "ಈ ಮಗಾ ನಿನ್ನ ಮೈಮ್ಯಾಲೆ ಕೈ ಹಾಕಿದ್ನೋ ಇಲ್ಲೋ?"

ರಕ್ತದ ನಡುವಿನಿಂದ ಗುರುಪುತ್ರಪ್ಪ ಅವಳನ್ನು ನೋಡಿದ.

ನಿಂಗವ್ವ ತಲೆ ತಗ್ಗಿಸಿದಳು.

ತಗ್ಗಿದ ತಲೆಯನ್ನು ಎಲ್ಲರೂ ಹೌದೆಂದೇ ತಿಳಿದರು. ಅವನೂ.

ಮತ್ತೆ ಏಟುಗಳು ಬಿದ್ದವು. ಕೊನೆಗೆ ಅವನನ್ನು ಎಳೆದು ಸ್ಟೇಶನ್ ರಸ್ತೆಯ ಮೇಲೆ ಹಾಕಿ ಬಂದರು. ಚಕ್ಕಡಿ, ಎತ್ತುಗಳನ್ನು ಲಕ್ಷ್ಮಪ್ಪ ತನ್ನ ಹಿತ್ತಲಲ್ಲಿ ಕಟ್ಟಿಕೊಂಡ.

* * *

ಗಂಗೂಬಾಯಿ ಪ್ರತಿ ಬುಧವಾರ ಬೆಳಗಾವಿಯ ಕ್ಯಾಂಪಿನಿಂದ ರೈಲಿನಲ್ಲಿ ಬಂದು, ಮಲಪ್ರಭೆಯ ದಂಡೆಯ ಹುಣಸೆಮರದ ಕೆಳಗೆ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದ ವಿಧವೆ. ಯೇಸುವಿನ ಕಥೆಗಳನ್ನೂ ಹೇಳುತ್ತಿದ್ದರು. ತಾಯಿ ಸತ್ತಾಗ ಎರಡನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ನಿಂಗವ್ವ, ನೀರಿಗೆ ಬಂದ ನೆವದಲ್ಲಿ ಹಿಂದೆ ಕೂತು ಕೇಳುತ್ತಿದ್ದಳು.

ಆ ಬುಧವಾರ ಎಲ್ಲರೂ ಹೋಗುವ ತನಕ ಕಾದಳು.

"ಬಾಯಾರ... ಅಂವ ಬದಕ್ಯಾನೇನ್ರಿ?"

"ಬದಕ್ಯಾನ. ಎಡಗಿವಿ ಕೇಳಸೂದಿಲ್ಲ. ಕೈ ಇನ್ನೂ ಮಡಚಾಕ ಬರವಲ್ವು."

"ನನ್ನ ಬಗ್ಗೆ ಏನರ ಅಂದನೇನ್ರಿ?"

ಗಂಗೂಬಾಯಿ ಮುಚ್ಚಿಡುವವರಲ್ಲ. "'ನಾ ಆಕೀನ ಬೆಂಕ್ಯಾಗಿಂದ ತಗದೆ, ಆಕಿ ನನ್ನ ಬೆಂಕ್ಯಾಗ ಹಾಕಿದ್ಲು' ಅಂದ."

ನಿಂಗವ್ವನ ಕೊಡ ಕೈಯಿಂದ ಜಾರಿತು. ಗಡಿಗೆಗಳ ಸಂಗತಿಯನ್ನು ಅವಳು ಅಳುತ್ತಲೇ ಹೇಳಿದಳು. ಹೇಳಿ ಮುಗಿಸಿದ ಮೇಲೆ ಗಂಗೂಬಾಯಿ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡರು.

"ಪೇತ್ರ ಅಂತ ಒಬ್ಬಾವ ಇದ್ದ ತಂಗಿ. ಯೇಸುಸ್ವಾಮಿ ಜೀವದ ಗೆಳ್ಯಾ. ಸ್ವಾಮೀನ ಹಿಡದ ಹೊಡ್ಯಾಕತ್ತಾಗ, ಇಂವ ಅಂಗಳದಾಗ ಬೆಂಕಿ ಕಾಸ್ಕೋತ ಕುಂತಿದ್ದ. 'ನೀನೂ ಅವನ ಕಡ್ಯಾವ ಅಲ್ಲೇನು?' ಅಂತ ಮಂದಿ ಕೇಳಿದ್ರು. 'ಅಂವ ಯಾರೋ ನನಗ ಗೊತ್ತಿಲ್ಲ' ಅಂದ. ಮೂರ ಸಲ."

"ಹೆದರಿದ್ದಾ?"

"ನಿನ್ನಂಗಽ ಹೆದರಿದ್ದ."

"ಆಮ್ಯಾಲೆ?"

"ಅತ್ತ. ಸ್ವಾಮಿ ಸತ್ತು ಎದ್ದು ಬಂದ ಮ್ಯಾಲೆ ಅವನ್ನ ಭೆಟ್ಟಿ ಆದ್ರು. ಅದೂ ಬೆಂಕಿ ಬಾಜೂಕ, ನೀರ ದಂಡಿಗೆ. ಬೈಲಿಲ್ಲ. ರೊಟ್ಟಿ, ಮೀನ ಸುಟ್ಟಿದ್ರು. ಉಣ್ಣ ಬಾ ಅಂದ್ರು."

ನಿಂಗವ್ವ ಕಣ್ಣೊರೆಸಿಕೊಂಡಳು. "ಹಂಗಾರ ಅಂವ ಮುಂದ ಹೆದರಲಿಲ್ಲೇನ್ರಿ?"

"ಹೆದರಿರಬೇಕು. ಹೆದರ್ಕೋತಽ ಮಂದಿ ಮುಂದ ಮಾತಾಡಿದ. ಧೈರ್ಯ ಮೊದ್ಲ ಬಂದು ಕುಂದರೂದಿಲ್ಲವಾ. ಬಾಯಿ ತಗದ ಮ್ಯಾಲೆ ಬರತೈತಿ."

ಅಂದಿನಿಂದ ಕೊಡ ತುಂಬುವಾಗಲೆಲ್ಲ ನಿಂಗವ್ವ ಒಂದೇ ಪ್ರಾರ್ಥನೆ ಮಾಡಿದಳು. 'ಯೇಸುಸ್ವಾಮಿ, ನನ್ನ ದನಿ ನನಗ ಕೊಡು.' ಕೊಡ ತುಂಬುತ್ತಿತ್ತು. ದನಿ ಬಂದಿತೋ ಇಲ್ಲವೋ, ಗೊತ್ತಾಗುವ ಬಗೆ ಇರಲಿಲ್ಲ.

* * *

ಮೂರು ತಿಂಗಳ ಮೇಲೆ ಗುರುಪುತ್ರಪ್ಪ ತಿರುಗಿ ಬಂದ.

ಬಿಸಿಲು ಏರಿತ್ತು. ಸಂತೆಗೆ ನೀರಿನ ಗಡಿಗೆ ಬೇಕೆಂದು ಲಕ್ಷ್ಮಪ್ಪನಿಗೆ ಅವಸರ. ಆವಿಗೆ ಜೋಡಿಸಿ, ಬೂದಿ ಗೆರೆ ಎಳೆದು, ಬೆಂಕಿ ಇಡುವುದಕ್ಕೆ ಹಿರಿಯ ತಮ್ಮಣ್ಣಜ್ಜನನ್ನು ಕರೆತಂದಿದ್ದ. ಓಣಿಯ ಮಂದಿ ನೆರೆದಿದ್ದರು.

ಗುರುಪುತ್ರಪ್ಪ ಗೆರೆಯ ಹೊರಗೆ ನಿಂತ. ನಿಂಗವ್ವನ ಕಡೆಗೆ ನೋಡಲಿಲ್ಲ.

"ಅಜ್ಜಾರ, ನನ್ನ ಎತ್ತ ಕೇಳಾಕ ಬಂದೇನ್ರಿ."

ಲಕ್ಷ್ಮಪ್ಪ ನಕ್ಕ. "ಒಂದ ಕಿವಿ ಉಳದೈತೆಲ್ಲಲೇ, ಅದೂ ಭಾರ ಆಗೇತೇನು?"

ಗಡಿಗೆ ತಟ್ಟುವ ಹಲಗೆ ಅವನ ಕೈಯಲ್ಲೇ ಇತ್ತು. ಅದು ಗುರುಪುತ್ರಪ್ಪನ ಹಣೆಗೆ ಬಡಿಯಿತು. ಅವನು ಮಂಡಿಯೂರಿದ. ಹಣೆಯ ರಕ್ತ ಬೂದಿಯ ಮೇಲೆ ಹನಿಯಿತು.

ನಿಂಗವ್ವ ಬಾಯಿ ತೆರೆದಳು. 'ಸ್ವಾಮಿ...'

"ಅವತ್ತಿನ ಗಡಗಿ ಹಸಿ ಇದ್ವು."

ಅಷ್ಟು ಸಣ್ಣ ದನಿ. ಆದರೂ ಎಲ್ಲರಿಗೂ ಕೇಳಿಸಿತು.

"ಏನಂದಿ?" ಲಕ್ಷ್ಮಪ್ಪ ತಿರುಗಿದ. ಹಲಗೆ ಅವಳ ಭುಜದ ಮೇಲೆ ಬಿತ್ತು. ಎಲುಬು ಲಟಕ್ಕೆಂದಿತು. ಅವಳು ನೆಲಕ್ಕೆ ಬಿದ್ದಳು. ಎದ್ದಳು.

"ಅಂವ ನನ್ನ ಮೈ ಮುಟ್ಟಲಿಲ್ಲಣ್ಣಾ. ಸೆರಗಿನ ಬೆಂಕಿ ಮುಟ್ಟಿದ. ನಾ ಹೆದರಿ ಸುಮ್ನ ನಿಂತೆ."

ಈ ಸಲದ ಏಟು ಬಾಯಿಯ ಮೇಲೆ. ತುಟಿ ಸೀಳಿತು. ಹಲ್ಲೊಂದು ರಕ್ತದ ಜೊತೆ ನಾಲಿಗೆಗೆ ಸಿಕ್ಕಿತು. ಉಗುಳಿದಳು. ಆವಿಗೆಯ ತನಕ ನಡೆದು, ಮೇಲಿನ ಸಾಲಿನ ಗಡಿಗೆಯೊಂದನ್ನು ಒಂದೇ ಕೈಯಿಂದ ಎತ್ತಿಕೊಂಡಳು.

"ಇವತ್ತಿನವೂ ಹಸಿ ಅದಾವ. ಅಜ್ಜಾ, ನೀವಽ ಗಲ್ಲಕ ಹಚ್ಚಿ ನೋಡ್ರಿ."

ಮೂರನೆಯ ಬಾರಿ ಎತ್ತಿದ ಹಲಗೆ ಕೆಳಗೆ ಬರಲೇ ಇಲ್ಲ. ಗೆರೆ ದಾಟಿ ಬಂದ ಗುರುಪುತ್ರಪ್ಪ ಅದನ್ನು ಹಿಡಿದಿದ್ದ. ಗಾಯದ ಕೈ, ಆದರೂ ಲಕ್ಷ್ಮಪ್ಪನಿಗೆ ಬಿಡಿಸಿಕೊಳ್ಳಲಾಗಲಿಲ್ಲ.

"ನನಗ ಹೊಡದಿ, ಹೊಡಿಸ್ಕೊಂಡೆ," ಅಂದ ಗುರುಪುತ್ರಪ್ಪ. "ಆಕೀಗೆ ಸಾಕು."

ಹಲಗೆ ಕಸಿದುಕೊಂಡ. ಹೊಡೆಯಲಿಲ್ಲ. ದೂರ ಎಸೆದ.

ತಮ್ಮಣ್ಣಜ್ಜ ಗಡಿಗೆಯನ್ನು ಕೆನ್ನೆಗೆ ಹಚ್ಚಿದ. ಕಣ್ಣು ಮುಚ್ಚಿದ. ಇನ್ನೊಂದು ಕೆನ್ನೆಗೂ ಹಚ್ಚಿದ. ಆಮೇಲೆ ಅದನ್ನು ಲಕ್ಷ್ಮಪ್ಪನ ಕಾಲ ಹತ್ತಿರ ಒಡೆದ. ಒಳಗಿನ ಮಣ್ಣು ಇನ್ನೂ ಹಸಿಯಾಗಿ ಕಪ್ಪಗಿತ್ತು.

"ಗೆರಿ ದಾಟಿದ್ರ ಗಡಗಿ ಒಡೀತಾವಂತ ಹೇಳ್ಕೋತ ಬಂದಾಂವ ನಾನಽ," ಎಂದ ಮುದುಕ. "ಲಕ್ಷ್ಮ್ಯಾ, ಅವನ ಎತ್ತ ಬಿಚ್ಚು."

ಲಕ್ಷ್ಮಪ್ಪನ ಸಿಟ್ಟಿಗೆ ಈಗ ತಂಗಿಯೊಬ್ಬಳೇ ಉಳಿದಿದ್ದಳು. "ಇನ್ನ ನನ್ನ ಹೊಸ್ತಿಲಾ ತುಳದಿ ಅಂದ್ರ ಕಡದ ಹಾಕ್ತೇನಿ."

"ತುಳಿಯೂದಿಲ್ಲಣ್ಣಾ," ಅಂದಳು ನಿಂಗವ್ವ.

ಹೆದರುತ್ತಲೇ ಬೂದಿ ಗೆರೆ ದಾಟಿ ನಡೆದಳು.

* * *

ಬೆಳಗಾವಿಯ ದಾರಿ. ಅವಳನ್ನು ಚಕ್ಕಡಿಯಲ್ಲಿ ಕೂಡಿಸಿ, ಗುರುಪುತ್ರಪ್ಪ ಪಕ್ಕದಲ್ಲಿ ನಡೆಯುತ್ತಿದ್ದ.

"ಅವತ್ತ ತಲಿ ತಗ್ಗಿಸಿದ್ದು ಹೌದಂತ ಅಲ್ರಿ," ಅಂದಳು. "ಹೆದರಿಕಿ. ನನ್ನ ಕ್ಷಮಾ ಮಾಡ್ರಿ."

ಅವನು ಸುಮ್ಮನೆ ನಡೆದ. 'ಕ್ಷಮಿಸಲಿಲ್ಲ...'

ಆಮೇಲೆ ಹೊಳೆಯಿತು. ಅವಳು ಕೂತಿದ್ದು ಅವನ ಎಡಕ್ಕೆ. ಮುರಿದ ಭುಜ ಹಿಡಿದುಕೊಂಡೇ ಇಳಿದು, ಅವನ ಬಲಕ್ಕೆ ಬಂದು, ಅಷ್ಟನ್ನೂ ಮತ್ತೆ ಮೊದಲಿನಿಂದ ಹೇಳಿದಳು.

ಅವನು ಎತ್ತುಗಳನ್ನು ನಿಲ್ಲಿಸಿದ.

"ಎತ್ತು ಬರೇ ನೆವಾ," ಅಂದ. "ನೀ ಖರೇನಽ ಹಂಗ ಹೇಳಿದ್ಯೋ ಇಲ್ಲೋ, ಅದನ್ನ ತಿಳ್ಕೊಳ್ಳಾಕ ಬಂದಿದ್ದೆ. ಗಂಗೂಬಾಯಾರು 'ಆಕೀ ಬಾಯಿಂದಽ ಕೇಳು' ಅಂತ ಹಟ ಹಿಡದ ಕುಂತಿದ್ರು."

"ಕೇಳಿದ್ರಲ್ಲ."

"ಕೇಳಿದೆ. ಒಂದಽ ಕಿವ್ಯಾಗ ಕೇಳಿದ್ರೂ ಎದಿ ತುಂಬಿ ಬಂತು."

ಸ್ವಲ್ಪ ದೂರ ಹೋದ ಮೇಲೆ ಅವನೇ ಅಂದ, "ಗಂಗೂಬಾಯಾರ ಮನ್ಯಾಗ ಇರು. ದೀಕ್ಷಾಸ್ನಾನದ ಮಾತ ಬಂದ್ರ ನನ್ನ ಮಾರಿ ನೋಡಿ ಹೂಂ ಅನಬ್ಯಾಡ."

"ನಿಮ್ಮ ಮಾರಿ ನೋಡಿ ಅಲ್ಲ," ಒಡೆದ ತುಟಿಯಲ್ಲೇ ಅಂದಳು. "ನನ್ನ ದನಿ ಕೊಟ್ಟಾವನ್ನ ನೋಡಿ."

ಮಳೆಗಾಲ ಮುಗಿಯುವ ಹೊತ್ತಿಗೆ, ಕ್ಯಾಂಪಿನ ಸಣ್ಣ ದೇವಾಲಯದಲ್ಲಿ ನಿಂಗವ್ವನಿಗೆ ದೀಕ್ಷಾಸ್ನಾನವಾಯಿತು. ಯೇಸುವಿನಲ್ಲಿ ವಿಶ್ವಾಸವುಂಟೋ ಎಂದು ಪಾದ್ರಿಗಳು ಕೇಳಿದಾಗ ಹಿಂದಿನ ಸಾಲಿನವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಉತ್ತರ ಕೊಟ್ಟಳು.

ಹೊರಗೆ ಬಾಗಿಲ ಪಕ್ಕದಲ್ಲಿ ಗುರುಪುತ್ರಪ್ಪ ನಿಂತಿದ್ದ. ಜೊತೆಗೆ ಬಂದ ಗಂಗೂಬಾಯಿಗೆ ಇದ್ದಕ್ಕಿದ್ದಂತೆ ತಮ್ಮ ಕೊಡೆಯ ಕಡ್ಡಿಗಳನ್ನು ನೋಡುವ ಕೆಲಸ ಬಂತು.

ನಿಂಗವ್ವ ಅವನ ಗಾಯದ ಅಂಗೈಯನ್ನು ತೆಗೆದು ತನ್ನ ಕೆನ್ನೆಗೆ ಹಚ್ಚಿಕೊಂಡಳು.

"ಇನ್ನೂ ಹಸಿ ಐತಿ," ಅಂದ ಅವನು. ನೀರು ಅವಳ ಕೂದಲಿನಿಂದ ಇಳಿಯುತ್ತಿತ್ತು.

"ಒಣಗೂ ಮಟಾ ಕಾಯ್ತೀರೇನು?"

"ಕಾಯ್ತೇನಿ," ಅಂದ. "ಅವಸರ ಮಾಡಿದ್ರ ಏನಾಗತೈತಿ ಅನ್ನೂದನ್ನ ನಾ ಕಂಡೇನಿ."