ಅರ್ಧ ಬಿಟ್ಟ ತಟ್ಟೆ

"ಏನ್ರೀ, ಇದನ್ನ ಮನುಷ್ಯರು ತಿನ್ನಲ್ವಾ?"

ಅವಳು ತಲೆ ಎತ್ತಿ ನೋಡಿದಳು. ಎದುರಿಗೆ ಏಪ್ರನ್ ಕಟ್ಟಿದ ಗಂಡಸೊಬ್ಬ ನಿಂತಿದ್ದ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಅವಳು ಆಗತಾನೇ ಬದಿಗೆ ಸರಿಸಿದ್ದ ತಟ್ಟೆ. ಅರ್ಧ ಅನ್ನ, ಅರ್ಧ ಮೊಟ್ಟೆ, ಬಟ್ಟಲಲ್ಲಿ ಅರ್ಧ ಬೇಳೆ ಸೂಪು ಹಾಗೇ ಉಳಿದಿತ್ತು.

ಅಬ್ಬಬ್ಬಾ, ಏನು ಗತ್ತು! ಸೌಟು ಹಿಡಿದೇ ಇಷ್ಟಾದರೆ ಕತ್ತಿ ಕೊಟ್ಟರೆ ಇನ್ನೇನು ಮಾಡ್ತಾನೋ...

"ನನ್ನ ತಟ್ಟೆ, ನನ್ನ ಹೊಟ್ಟೆ. ನಿಮಗೇನ್ರೀ ಕಷ್ಟ?"

"ಉಪ್ಪು ಜಾಸ್ತಿ ಆಯ್ತಾ? ಬೇಳೆ ಬೆಂದಿಲ್ವಾ? ಬಾಯಿಬಿಟ್ಟು ಹೇಳಿ. ಹೀಗೆ ಬಿಟ್ಟು ಮಾತ್ರ ಹೋಗ್ಬೇಡಿ."

ನಿಜ ಹೇಳಬೇಕೆಂದರೆ ಅಂಥ ಸೂಪು ಅವಳು ಜನ್ಮದಲ್ಲೇ ಕುಡಿದಿರಲಿಲ್ಲ. ಬಟ್ಟಲು ನೆಕ್ಕಿಬಿಡೋಣ ಅನ್ನಿಸಿತ್ತು. ಆದರೆ ಹಾಗಂತ ಹೇಳಿದರೆ ಯಾಕೆ ಬಿಟ್ಟೆ ಅಂತಲೂ ಹೇಳಬೇಕಲ್ಲ! ಅದನ್ನ ಹೇಳೋ ಹಾಗಿರಲಿಲ್ಲ.

"ಅರ್ಧ ತಿಂದಿದ್ದೀನಲ್ಲ, ಅದೇ ನಿಮ್ಮ ಪುಣ್ಯ ಅಂದ್ಕೊಳ್ಳಿ!"

ಮೂಗು ಮೇಲೆ ಮಾಡಿಕೊಂಡು ಹೊರಟೇಹೋದಳು. ಅವನು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದ.

ಈ ಮಹಾರಾಣಿ ಯಾರು ಅಂತೀರಾ? ದೊಡ್ಡ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿ. ಅದು ಹೊಟ್ಟೆಪಾಡು. ಹುಚ್ಚು ಬೇರೆ ಇತ್ತು. ಊರಲ್ಲಿ ಪುಕ್ಕಟೆ ಹಂಚುವ ವಾರಪತ್ರಿಕೆಗೆ 'ಮೆಣಸಿನಕಾಯಿ' ಅನ್ನೋ ಹೆಸರಲ್ಲಿ ಬರೀತಿದ್ದಳು. ಕಡಿಮೆ ಕಾಸಿಗೆ ಮಧ್ಯಾಹ್ನದ ಒಳ್ಳೆ ಊಟ ಎಲ್ಲಿ ಸಿಗುತ್ತೆ ಅಂತ ಹುಡುಕಿ ಹೇಳುವ ಅಂಕಣ. ಅಂಗಡಿಗೆ ಮಧ್ಯಾಹ್ನ ಒಂದೇ ಗಂಟೆ ಬಿಡುವು. ಆ ಒಂದು ಗಂಟೆಯಲ್ಲಿ ಎರಡು ಕಡೆ ರುಚಿ ನೋಡಬೇಕು. ಹೊಟ್ಟೆ ಇರೋದು ಮಾತ್ರ ಒಂದೇ! ಅದಕ್ಕೇ ಇಲ್ಲರ್ಧ, ಅಲ್ಲರ್ಧ. ತಾನು ಯಾರು ಅಂತ ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಹಲ್ಲು ಗಿಂಜಿಕೊಂಡು ವಿಶೇಷ ಊಟ ತಂದಿಡುತ್ತಾರೆ.

ಇನ್ನು ಆ ಊರಿನ ಊಟದ ಕಥೆ ಕೇಳಬೇಡಿ. ನಗರದ ಅಂಚಿನ ಊರು, ಎಲ್ಲೆಲ್ಲಿಂದಲೋ ಬಂದು ನೆಲೆಸಿದ ಜನ. ಒಂದೊಂದು ಬೀದಿಯಲ್ಲಿ ಒಂದೊಂದು ಭಾಷೆ, ಒಂದೊಂದು ಒಗ್ಗರಣೆ ವಾಸನೆ. ಇಷ್ಟಿದ್ದರೆ ಊಟ ಸೊಗಸಾಗಿರಬೇಕು ತಾನೇ? ಎಲ್ಲಿ ಬಂತು! ಒಂದು ಕಡೆ ಗಾಜಿನ ಬಾಗಿಲು, ಬಗ್ಗಿ ಬಗ್ಗಿ ನಮಸ್ಕಾರ, ತಟ್ಟೆಯಲ್ಲಿ ಗುಬ್ಬಿಗೂ ಸಾಲದಷ್ಟು ಅನ್ನ. ಇನ್ನೊಂದು ಕಡೆ 'ಮನೆ ಊಟ' ಅಂತ ಬೋರ್ಡು. ಯಾರ ಮನೆಯದೋ, ಪಾಪ, ಆ ಮನೆಯವರನ್ನ ದೇವರೇ ಕಾಪಾಡಬೇಕು. ಮತ್ತೊಂದು ಕಡೆ ಹತ್ತು ದೇಶದ ಅಡುಗೆ ಸಿಗುತ್ತೆ, ಹತ್ತೂ ಒಂದೇ ಪಾತ್ರೆಯಿಂದ ಬರುತ್ತೆ! ಅವಳು ಎಲ್ಲರನ್ನೂ ಉಪ್ಪು ಹುಳಿ ಹಚ್ಚಿ ಬೈದು ಬರೆಯುತ್ತಿದ್ದಳು, ಜನ ಬಿದ್ದು ಬಿದ್ದು ನಗುತ್ತಿದ್ದರು. ಒಂದೇ ಒಂದು ಒಳ್ಳೆ ಮಾತು ಅವಳ ಪೆನ್ನಿಂದ ಬಂದಿರಲಿಲ್ಲ.

"ನಿನ್ನ ಈ ನಾಲಿಗೆಗೆ ಹೆದರಿ ಒಬ್ಬ ಗಂಡೂ ಹತ್ತಿರ ಸುಳಿಯಲ್ಲ ಕಣೇ" ಅಂತ ಅಕ್ಕ ಬೈಯುತ್ತಿದ್ದಳು.

"ಸುಳಿಯೋರಿಗೆ ಉಪ್ಪು ಖಾರ ನೆಟ್ಟಗಿರ್ಬೇಕಲ್ಲ!" ಅಂತ ಇವಳ ಉತ್ತರ.

ಆದರೆ ಆವತ್ತಿನಿಂದ ಸೌಟು ಹಿಡಿದ ಆ ಮುಖ ಕಣ್ಣಿಂದ ಹೋಗಲೇ ಇಲ್ಲ. ಕೋಪದಲ್ಲಿ ಕೆಂಪಾಗಿತ್ತು, ನಿಜ. ಅದರ ಹಿಂದೆ ಒಂದು ಅಳುಕೂ ಇತ್ತಲ್ಲ... ಪರೀಕ್ಷೆ ಫಲಿತಾಂಶ ಕೇಳುವವರ ಅಳುಕು.

ಮುಂದಿನ ಮಂಗಳವಾರ ಕಾಲು ತಾನಾಗಿ ಅವಳನ್ನ ಟೈರ್ ಅಂಗಡಿ ಹಿಂದಿನ ಅವನ ಸಣ್ಣ ಊಟದ ಕೋಣೆಗೆ ಎಳೆದುಕೊಂಡು ಹೋಯಿತು. ಅದರ ಮುಂದಿನ ಮಂಗಳವಾರವೂ. ಪ್ರತಿ ಸಲವೂ ಅದೇ ಹಳದಿ ದುಪಟ್ಟಾ, ಅದೇ ಮೂಲೆ ಬೆಂಚು.

ಅಲ್ಲಿಯ ಬೆಂಚುಗಳಲ್ಲಿ ಬಸ್ ಡ್ರೈವರುಗಳು, ನರ್ಸಮ್ಮಂದಿರು, ಟೈಲರುಗಳು ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಸೂಪು ಹೀರುವ ಸದ್ದು ಮಾತ್ರ ಎಲ್ಲರದೂ ಒಂದೇ. ಗಲ್ಲಾದಲ್ಲಿ ಅವನ ಸೋದರತ್ತೆ, ಬಂದವರ ಮುಖ ಸರಿಯಾಗಿ ಕಾಣದೆ ಎಲ್ಲರಿಗೂ "ಬಾ ಮಗಾ" ಅನ್ನುವ ಮುದುಕಿ. ಎಲ್ಲರ ತಟ್ಟೆಯನ್ನೂ ಅವನೇ ಬಂದು ಎತ್ತಬೇಕು. ಎತ್ತಿ, ಒಂದು ಗಳಿಗೆ ದಿಟ್ಟಿಸಿ, ಆಮೇಲೆ ತೊಳೆಯಲು ಹಾಕಬೇಕು.

"ಅದೇನು ನೋಡ್ತೀರಾ?" ಅಂತ ಒಂದು ಸಲ ತಡೆಯಲಾರದೆ ಕೇಳಿದಳು.

"ಬಾಯಿ ಸುಳ್ಳು ಹೇಳುತ್ತೆ ಕಣ್ರೀ. ತಟ್ಟೆ ಹೇಳಲ್ಲ" ಅಂದ. ಅಂದವನು ಅವಳ ಅರ್ಧ ತಟ್ಟೆ ನೋಡಿದ. ಮುಖ ಬಾಡಿಹೋಯಿತು.

ಅವಳ ಕೈ ತಟ್ಟೆಯ ಕಡೆ ಹೋಯಿತು. 'ಇಡೀ ತಟ್ಟೆ ಮುಗಿಸಿಬಿಡಲಾ? ಅಯ್ಯೋ, ಇನ್ನೊಂದು ಹೋಟೆಲ್ ಕಾಯ್ತಿದೆ...' ಎದ್ದು ಓಡಿದಳು.

ಆದರೆ ಒಂದು ವಿಚಿತ್ರ ಶುರುವಾಗಿತ್ತು. ಮೊದಲ ದಿನದ ಆ ಅಮೃತದಂಥ ಸೂಪು ಮತ್ತೆ ಸಿಗಲೇ ಇಲ್ಲ! ಒಂದು ವಾರ ಉಪ್ಪು ಇಲ್ಲ. ಇನ್ನೊಂದು ವಾರ ಮೆಣಸು ಸುರಿದಿದ್ದಾನೆ. ಮತ್ತೊಂದು ವಾರ ನಿಂಬೆಹುಳಿ. ಪ್ರೀತಿ ಹುಟ್ಟಿದ ಕಡೆ ಕೋಪವೂ ಜಾಸ್ತಿ ನೋಡಿ. 'ಇಷ್ಟು ಚೆನ್ನಾಗಿ ಅಡುಗೆ ಮಾಡೋ ಕೈಯನ್ನ ಇವನೇ ಕೆಡಿಸಿಕೊಳ್ತಿದ್ದಾನಲ್ಲ!' ಆ ಕೋಪದಲ್ಲೇ ಬರೆದಳು.

'ಟೈರ್ ಅಂಗಡಿ ಹಿಂದಿನ ಮಹಾನುಭಾವರಿಗೆ ತಮ್ಮ ಸೂಪಿನ ಮೇಲೆ ತಮಗೇ ನಂಬಿಕೆಯಿಲ್ಲ. ವಾರಕ್ಕೊಂದು ರುಚಿ, ದಿನಕ್ಕೊಂದು ಬುದ್ಧಿ. ಇಂಥವರ ಕೈಗೆ ಸೌಟು ಕೊಡುವ ಬದಲು ಟೈರಿಗೆ ಗಾಳಿ ಹೊಡೆಯುವ ಪಂಪು ಕೊಡಿ.'

ಊರೆಲ್ಲ ಓದಿ ನಕ್ಕಿತು. ಆ ಊರಿನ ಜನವೋ! ನಾಲಿಗೆ ತಮ್ಮದೇ, ರುಚಿ ಮಾತ್ರ ಪತ್ರಿಕೆಯವರು ಹೇಳಬೇಕು. ನಿನ್ನೆ ಬೆರಳು ಚೀಪಿದವರೇ ಇವತ್ತು ಮೂಗು ಮುಚ್ಚಿಕೊಂಡರು. ಮುಂದಿನ ಮಂಗಳವಾರ ಹೋದರೆ ಬೆಂಚುಗಳು ಖಾಲಿ. ಅವನು ಗೋಡೆಗೆ ಒರಗಿ ಕೂತಿದ್ದ, ಅವಳ ಕಡೆ ನೋಡಲೂ ಇಲ್ಲ. ಆವತ್ತೂ ತಟ್ಟೆ ಅರ್ಧವೇ ಉಳಿಯಿತು.

ಎರಡು ದಿನ ಬಿಟ್ಟು ಕನ್ನಡಕದ ಅಂಗಡಿಯ ಬಾಗಿಲು ತಳ್ಳಿಕೊಂಡು ಸೋದರತ್ತೆ ಬಂದಳು!

ಹುಡುಗಿ ತಲೆ ತಗ್ಗಿಸಿ ಕುರ್ಚಿ ತೋರಿಸಿದಳು. ಮುದುಕಿಗೆ ಗುರುತು ಸಿಗಲಿಲ್ಲ. ಕುರ್ಚಿಯಲ್ಲಿ ಕೂತು, ಪರೀಕ್ಷೆಯ ಚೌಕಟ್ಟು ಮೂಗಿಗೆ ಹಾಕಿಸಿಕೊಂಡು, ಬಾಯಿಗೆ ಬೀಗವಿಲ್ಲದೆ ಮಾತಾಡತೊಡಗಿದಳು.

"ಬೇಗ ಮಾಡಮ್ಮ. ಶನಿವಾರ ಅಂಗಡಿ ಮುಚ್ಚಿ ಊರು ಬಿಡ್ತಿದ್ದೀವಿ. ಹೋಗೋ ದಾರಿಯಾದ್ರೂ ನೆಟ್ಟಗೆ ಕಾಣ್ಲಿ."

"ಯಾ... ಯಾಕಜ್ಜಿ?"

"ಇನ್ಯಾಕೆ! ನಮ್ಮ ಹುಡುಗನ ಭಾವ ಇದ್ದಾನಲ್ಲ, ಫ್ಯಾಕ್ಟರಿ ಕ್ಯಾಂಟೀನಿನವನು, ಅವನ ಹಂಗು ಬೇಡ ಅಂತ ಈ ಹುಡುಗ ಸ್ವಂತ ಅಂಗಡಿ ಹಾಕ್ದ. ಈಗ ಮತ್ತೆ ಅವನ ಕಾಲಿಗೇ ಬೀಳ್ಬೇಕು. ಎಲ್ಲಾ ಆ ಅರ್ಧ ತಟ್ಟೆಯವಳಿಂದ!"

ಹುಡುಗಿಯ ಕೈಯಿಂದ ಪರೀಕ್ಷೆಯ ಗಾಜು ಜಾರಿತು.

"ಅದ್ಯಾವಳೋ, ಪ್ರತಿ ಮಂಗಳವಾರ ಬರ್ತಾಳೆ, ಅರ್ಧ ಬಿಟ್ಟು ಹೋಗ್ತಾಳೆ. ಇವನಿಗೆ ಅದೇ ಚಿಂತೆ. ಎಲ್ಲರ ತಟ್ಟೆ ಖಾಲಿ ಬಂದ್ರೂ ಕಣ್ಣು ಅವಳ ತಟ್ಟೆ ಮೇಲೇ! 'ಅತ್ತೆ, ಉಪ್ಪು ಕಡಿಮೆ ಮಾಡಿ ನೋಡ್ಲಾ? ಮೆಣಸು ಹಾಕ್ಲಾ? ಅವರು ಒಂದು ಸಲ ಪೂರ್ತಿ ತಿಂದ್ರೆ ಸಾಕು' ಅಂತಾನೆ. ಅವಳಿಗೋಸ್ಕರ ಸೂಪು ಬದಲಾಯಿಸಿ ಬದಲಾಯಿಸಿ ಹಾಳು ಮಾಡ್ಕೊಂಡ. ಅಷ್ಟರಲ್ಲಿ ಯಾವಳೋ ಮೆಣಸಿನಕಾಯಿ ಪೇಪರಲ್ಲಿ ಉಗಿದ್ಲು. ಒಬ್ಬಳು ಮೂತಿಗೆ ತವುಡು ತೋರಿಸಿದ್ಲು, ಇನ್ನೊಬ್ಬಳು ಬೆನ್ನಿಗೆ ಗುದ್ದಿದ್ಲು!"

'ಇಬ್ಬರೂ ನಾನೇ... ಅಯ್ಯೋ, ಇಬ್ಬರೂ ನಾನೇ!'

ಚೌಕಟ್ಟಿಗೆ ಇನ್ನೊಂದು ಗಾಜು ಇಟ್ಟಳು. ಮುದುಕಿ ಕಣ್ಣು ಪಿಳಿಪಿಳಿ ಬಿಟ್ಟಳು. ಎದುರಿನ ಅಕ್ಷರ ಬಿಟ್ಟು ಹುಡುಗಿಯ ಮುಖವನ್ನೇ ನೋಡಿದಳು. ಮೂಲೆ ಬೆಂಚಿನಲ್ಲಿ ಬರೀ ಮಸುಕಾಗಿ ಕಂಡಿದ್ದ ಹಳದಿ ದುಪಟ್ಟಾ ಈಗ ಸ್ಪಷ್ಟವಾಗಿ ಕಂಡಿತು.

"ಅಯ್ಯೋ ನನ್ನ ಶಿವನೇ... ಈ ದುಪಟ್ಟಾ! ನೀನೇ ಅಲ್ವೇನೇ ಅವಳು!"

ಹುಡುಗಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟೂ ಹೇಳಿಕೊಂಡಳು.

ಮುದುಕಿ ಕೇಳಿಸಿಕೊಂಡು, "ಥೂ, ನಿಮ್ಮ ಬುದ್ಧಿಗಿಷ್ಟು! ಅವನಿಗೆ ಕೇಳೋಕೆ ಬರಲ್ಲ, ನಿನಗೆ ಹೇಳೋಕೆ ಬರಲ್ಲ" ಅಂದಳು. ಆಮೇಲೆ ಮೆಲ್ಲಗೆ ಅವಳ ತಲೆ ಸವರಿ, "ನಾನು ಅವನಿಗೆ ಏನೂ ಹೇಳಲ್ಲ. ಮಾಡಿದವಳು ನೀನು, ಹೇಳೋಳೂ ನೀನೇ" ಅಂದು ಕನ್ನಡಕ ಆರಿಸಲು ಹೋದಳು.

ಶನಿವಾರ ಮಧ್ಯಾಹ್ನ ಅವಳು ನೇರವಾಗಿ ಹೋಗಿ ಅದೇ ಮೂಲೆಯ ಬೆಂಚಿನಲ್ಲಿ ಕೂತಳು. ಗೋಡೆಯ ಶೆಲ್ಫಿನ ಪಾತ್ರೆಗಳೆಲ್ಲ ಆಗಲೇ ಡಬ್ಬದೊಳಗೆ ಸೇರಿದ್ದವು. ಒಲೆಯ ಮೇಲೆ ಒಂದೇ ಪಾತ್ರೆ.

"ಇವತ್ತು ಬೇರೇನೂ ಇಲ್ಲ. ಅನ್ನ, ಸೂಪು ಅಷ್ಟೇ. ಹೇಗೂ ಅರ್ಧ ತಾನೇ, ಸಾಕಾಗುತ್ತೆ" ಅಂದ ಅವನು. ಬಡಿಸಿ, ಬೆನ್ನು ತಿರುಗಿಸಿ ಡಬ್ಬಕ್ಕೆ ಹಗ್ಗ ಕಟ್ಟತೊಡಗಿದ.

ಅವಳು ಮೊದಲ ಚಮಚ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ಎರಡನೆಯದು. ಮೂರನೆಯದು. ಎಲ್ಲೂ ನಿಲ್ಲಿಸಲಿಲ್ಲ. ಕೊನೆಯ ಅಗುಳು ಬಳಿದು, ಬಟ್ಟಲು ಎತ್ತಿ ಕುಡಿದು, ತಟ್ಟೆಯನ್ನು ತಾನೇ ಎತ್ತಿಕೊಂಡು ಅವನ ಮುಂದೆ ಹೋಗಿ ನಿಂತಳು.

ಅವನು ತಟ್ಟೆ ನೋಡಿದ. ಅವಳನ್ನು ನೋಡಿದ. ಮತ್ತೆ ತಟ್ಟೆ ನೋಡಿದ. ಕೈಯಲ್ಲಿದ್ದ ಹಗ್ಗ ಕೆಳಗೆ ಬಿತ್ತು.

"ಪೂರ್ತಿ... ಪೂರ್ತಿ ತಿಂದ್ರಾ?"

"ಮೊದಲು ನಾನು ಹೇಳೋದು ಕೇಳಿ. ಆಮೇಲೆ ಹೊಡೀರಿ ಬೇಕಾದ್ರೆ. ಆ ಮೆಣಸಿನಕಾಯಿ ನಾನೇ. ಒಂದು ಗಂಟೆಯಲ್ಲಿ ಎರಡು ಕಡೆ ಊಟ ನೋಡ್ಬೇಕು, ಅದಕ್ಕೇ ಅರ್ಧ ಬಿಡ್ತಿದ್ದೆ. ನಿಮ್ಮ ಅಡುಗೆ ಚೆನ್ನಾಗಿಲ್ಲ ಅಂತ ಅಲ್ಲ!"

ಅವನ ಮುಖ ಕೆಂಪಾಯಿತು.

"ಓಹೋ! ಆ ಮಹಾತಾಯಿ ನೀವೇನಾ! ಅರ್ಧ ಊಟ ಮಾಡಿ ಪೂರ್ತಿ ತೀರ್ಪು ಕೊಟ್ರಲ್ರೀ! ಭಲೇ! ಒಂದು ಸಲ, ಒಂದೇ ಒಂದು ಸಲ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಬೈಯೋಕೆ ನನಗೆ ಚೆನ್ನಾಗಿ ಬರುತ್ತೆ. ಚೆನ್ನಾಗಿದೆ ಅನ್ನೋಕೆ ಭಯ..." ಅವಳ ದನಿ ಒಡೆಯಿತು. "ಮೊದಲ ದಿನದ ಸೂಪು ಅಮೃತ ಕಣ್ರೀ. ಒಂದು ಜಾಗಕ್ಕೆ ನಾನು ಎರಡನೇ ಸಲ ಹೋದವಳೇ ಅಲ್ಲ. ಇಲ್ಲಿಗೆ ಪ್ರತಿ ಮಂಗಳವಾರ ಯಾಕೆ ಬಂದೆ ಅಂತ ಒಂದು ಸಲನಾದ್ರೂ ಯೋಚನೆ ಮಾಡಿದ್ರಾ? ಬರೀ ತಟ್ಟೆ ನೋಡ್ತಿದ್ರಿ. ನನ್ನ ಮುಖ ನೋಡ್ಲೇ ಇಲ್ಲ!"

ಗಲ್ಲಾದಲ್ಲಿ ಹೊಸ ಕನ್ನಡಕ ಹಾಕಿ ಕೂತಿದ್ದ ಅತ್ತೆ ಜೋರಾಗಿ ಕೆಮ್ಮಿದಳು.

"ಬರೋ ವಾರ ನನ್ನ ಸ್ವಂತ ಹೆಸರಲ್ಲೇ ಬರೀತೀನಿ" ಅಂದಳು ಹುಡುಗಿ. "ಅರ್ಧ ತಿಂದು ಬರೆದಿದ್ದೆ, ತಪ್ಪಾಯ್ತು ಅಂತ. ಆಮೇಲೆ ಊರವರು ನನ್ನನ್ನ ನೋಡಿ ನಗ್ಲಿ. ನೀವು ಹೋಗ್ಬೇಡಿ... ದಯವಿಟ್ಟು ಹೋಗ್ಬೇಡಿ."

ಅವನು ಒಲೆಯ ಕಡೆ ತಿರುಗಿದ. ಕೈಗೊಂದು ಕೆಲಸ ಬೇಕಲ್ಲ, ಸೌಟಲ್ಲಿ ಚೂರು ಸೂಪು ತೆಗೆದು ಬಾಯಿಗಿಟ್ಟ.

"ಥೂ! ಥೂ!" ಅಂತ ಉಗಿದ. "ತಲೆ ಕೆಟ್ಟು ಎರಡೆರಡು ಸಲ ಉಪ್ಪು ಹಾಕಿದ್ದೀನಿ! ಇದನ್ನ... ಇದನ್ನ ಹೇಗ್ರೀ ಕುಡಿದ್ರಿ?"

ಅವಳು ತಲೆ ತಗ್ಗಿಸಿದಳು. ಕಿವಿಯವರೆಗೂ ಕೆಂಪಾಗಿದ್ದಳು.

ಅವನು ಆ ಖಾಲಿ ತಟ್ಟೆಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡ. ಈ ಸಲ ತಟ್ಟೆ ನೋಡಲಿಲ್ಲ, ಅವಳ ಮುಖವನ್ನೇ ನೋಡಿದ. ಬಹಳ ಹೊತ್ತು ನೋಡಿದ.

"ಇಷ್ಟು ದಿನ ನಮ್ಮ ಅಂಗಡಿ ತಟ್ಟೆ ಒಂದೂ ಸುಳ್ಳು ಹೇಳಿರ್ಲಿಲ್ಲ" ಅಂದ.

"ಇವತ್ತೂ ಹೇಳಿಲ್ಲ. ಅದು ಸೂಪಿನ ವಿಷಯ ಹೇಳ್ತಾ ಇಲ್ಲ ಅಷ್ಟೇ."

"ಮತ್ತೆ ಇನ್ಯಾವ ವಿಷಯ?"

"ಅಷ್ಟೂ ಕಾಣಲ್ವಾ? ಹಾಗಾದ್ರೆ ಸೋಮವಾರ ಮಧ್ಯಾಹ್ನ ನಮ್ಮ ಅಂಗಡಿಗೆ ಬನ್ನಿ. ಕಣ್ಣು ಪರೀಕ್ಷೆ ಮಾಡ್ತೀನಿ."

ಅವನು ಕೆಳಗೆ ಬಿದ್ದಿದ್ದ ಹಗ್ಗವನ್ನು ಕಾಲಲ್ಲಿ ಬದಿಗೆ ತಳ್ಳಿದ. ಡಬ್ಬದಿಂದ ಒಂದು ಪಾತ್ರೆ ತೆಗೆದು ಮತ್ತೆ ಶೆಲ್ಫಿನ ಮೇಲಿಟ್ಟ.

"ಸೋಮವಾರ ಮಧ್ಯಾಹ್ನ ಆಗಲ್ಲ ಕಣ್ರೀ" ಅಂದ. "ನಮ್ಮಲ್ಲಿಗೆ ಒಬ್ಬರು ಊಟಕ್ಕೆ ಬರ್ತಾರೆ. ಪೂರ್ತಿ ಊಟಕ್ಕೆ."