ಮೂವತ್ತೆರಡರಲ್ಲಿ ಎರಡು

"ನನ್ನ ಕೆಲಸಕ್ಕೆ ಎರಡೇ ಎರಡು ಕೋರ್ ಅಂತ ಮಾಡಿದವರು ಯಾರು?"

ಬಾಗಿಲಲ್ಲಿ ನಿಂತವನ ದನಿ ಏರಿರಲಿಲ್ಲ. ಆದರೂ ಅದರಲ್ಲಿದ್ದ ಸಿಟ್ಟು ಶಿಲ್ಪಶ್ರೀಗೆ ನೇರವಾಗಿ ತಾಗಿತು.

"ನಾನೇ," ಎಂದು ಅಷ್ಟೇ ಬಿಗಿಯಾಗಿ ಹೇಳಿ ತಿರುಗಿದಳು.

ಅವನ ಕೈಯಲ್ಲಿ ಕಣ್ಣು ಕಾಣದವರು ಹಿಡಿಯುವ ಬಿಳಿ ಕೋಲಿತ್ತು.

ಜಯನಗರದ ಆ ಮಹಡಿ ಕೋಣೆ ನಿವೃತ್ತ ಗಣಿತ ಮೇಷ್ಟ್ರು ಶಾಮಣ್ಣನವರದು. ಕನ್ನಡಕ್ಕಾಗಿ ಉಚಿತ ತಂತ್ರಾಂಶ ತಯಾರಿಸುವ ಇಪ್ಪತ್ತು ಮಂದಿಯ ಬಳಗಕ್ಕೆ ಅವರು ಅದನ್ನು ಬಿಟ್ಟುಕೊಟ್ಟಿದ್ದರು. ಅಲ್ಲಿದ್ದದ್ದು ಒಂದೇ ಸರ್ವರ್. ಎಲ್ಲರೂ ತಮ್ಮ ತಮ್ಮ ಮನೆಯಿಂದ ಅದಕ್ಕೆ ಕೋಡ್ ಕಳಿಸುತ್ತಿದ್ದರು. ಜನ ಇನ್‌ಸ್ಟಾಲ್ ಮಾಡಿಕೊಳ್ಳುವಂಥ ಪ್ಯಾಕೇಜಾಗಿ ಅದನ್ನು ಕಟ್ಟಿಕೊಡುವುದು ಆ ಸರ್ವರಿನ ಕೆಲಸ. ಒಳಗೆ ಮೂವತ್ತೆರಡು ಕೋರ್, ಅಂದರೆ ಏಕಕಾಲಕ್ಕೆ ದುಡಿಯುವ ಮೂವತ್ತೆರಡು ಆಳುಗಳಿದ್ದಂತೆ.

ವಾರವಿಡೀ ಬಿಟಿಎಂ ಲೇಔಟಿನ ಕಂಪನಿಯಲ್ಲಿ ದುಡಿಯುತ್ತಿದ್ದ ಶಿಲ್ಪಶ್ರೀ ಶನಿವಾರ ಬಂದು ಈ ಸರ್ವರ್ ನೋಡಿಕೊಳ್ಳುತ್ತಿದ್ದಳು. ತಿಂಗಳಿಂದ, ಅವಳು ಎಂದೂ ನೋಡಿರದ ವಿಶ್ರುತ್ ಎಂಬೊಬ್ಬ ಅಷ್ಟೂ ಕೋರ್‌ಗಳನ್ನು ತಾನೊಬ್ಬನೇ ಹಿಡಿದುಕೊಳ್ಳುತ್ತಿದ್ದ. ಮೆಮೊರಿ ತುಂಬಿ, ಉಳಿದವರ ಕೆಲಸ ಅರ್ಧಕ್ಕೇ ನಿಂತುಹೋಗುತ್ತಿತ್ತು. ಮೂರು ಸಲ ಎಚ್ಚರಿಕೆ ಕಳಿಸಿದರೂ ಉತ್ತರವಿಲ್ಲ. ಎಷ್ಟು ಜಂಬ ಇವನಿಗೆ... ಎಂದುಕೊಂಡು ಶುಕ್ರವಾರ ಬೆಳಿಗ್ಗೆ ಅವನ ಪಾಲನ್ನು ಎರಡಕ್ಕೆ ಇಳಿಸಿದ್ದಳು.

ಈಗ ಬಾಗಿಲಲ್ಲಿ ನಿಂತಿದ್ದವನು ಅವನೇ. ಅವನು ಕಟ್ಟುತ್ತಿದ್ದದ್ದು ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ತಂತ್ರಾಂಶ. ಬೊಮ್ಮನಹಳ್ಳಿಯ ತರಬೇತಿ ಕೇಂದ್ರವೊಂದರಲ್ಲಿ ಕಣ್ಣು ಕಾಣದ ಹನ್ನೊಂದು ಮಂದಿ ವಿದ್ಯಾರ್ಥಿಗಳು ಈ ದಿನ ಬೆಳಿಗ್ಗೆ ಅದನ್ನಿಟ್ಟುಕೊಂಡು ಪರೀಕ್ಷೆ ಬರೆಯಬೇಕಿತ್ತು. ಎರಡು ಗಂಟೆಯ ಕೆಲಸ ಇಡೀ ದಿನವಾದರೂ ಮುಗಿಯಲಿಲ್ಲ. ಪರೀಕ್ಷೆ ಮುಂದಕ್ಕೆ ಹೋಯಿತು. ಇಷ್ಟನ್ನೂ ಅವನು ನಿಂತೇ ಹೇಳಿದ.

"ಮೂರು ಸಲ ಮೆಸೇಜ್ ಮಾಡಿದ್ದೆನಲ್ಲ..." ಅವಳ ದನಿ ಈಗ ತಗ್ಗಿತ್ತು.

"ಮೂರೂ ಫೋಟೋ, ಮೇಡಂ. ಬರೀ ಅಕ್ಷರ ಕಳಿಸಿದ್ರೆ ನನ್ನ ಫೋನ್ ಓದುತ್ತೆ. ಫೋಟೋದೊಳಗಿನ ಕನ್ನಡ ಓದಲ್ಲ. ಯಾರೋ ಗುಡ್ ಮಾರ್ನಿಂಗ್ ಕಳಿಸ್ತಿದಾರೆ ಅಂದ್ಕೊಂಡೆ."

ಆ ಎಚ್ಚರಿಕೆಗಳಿಗೆ ಬಣ್ಣದ ಚೌಕಟ್ಟು ಹಾಕಿ, ಚಂದ ಮಾಡಿ ಕಳಿಸಿದ್ದವಳು ಅವಳೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಆದರೆ ತಪ್ಪು ಅವಳೊಬ್ಬಳದೇ ಆಗಿರಲಿಲ್ಲ. ಮನೆಯ ಲ್ಯಾಪ್‌ಟಾಪಿಗೆಂದು ಬರೆದ ಸ್ಕ್ರಿಪ್ಟನ್ನೇ, ಆ ಆಜ್ಞೆಗಳ ಪಟ್ಟಿಯನ್ನೇ, ಅವನು ಇಲ್ಲಿಗೂ ತಂದಿದ್ದ. ಎಷ್ಟು ಕೋರ್ ಸಿಕ್ಕರೆ ಅಷ್ಟನ್ನೂ ಬಳಸು ಎಂದು ಅದರಲ್ಲಿತ್ತು. ತನ್ನಿಂದ ಬೇರೆಯವರ ಕೆಲಸ ಕೆಡುತ್ತಿದೆ ಎಂದು ತಿಳಿದಾಗ ಅವನ ಮುಖ ಸಪ್ಪಗಾಯಿತು. ಇಬ್ಬರೂ ಕ್ಷಮೆ ಕೇಳಿದರು. ಶಾಮಣ್ಣನವರು ಕೆಳಗಿನಿಂದ ಕಾಫಿ ಕಳಿಸಿದರು.

ಅಂದಿನಿಂದ ಅವನು ಶನಿವಾರ ತಪ್ಪಿಸಲಿಲ್ಲ. ಬನಶಂಕರಿಯ ಬ್ಯಾಂಕೊಂದರಲ್ಲಿ ಅವನಿಗೆ ಕೆಲಸ. ಮಾತಿನಲ್ಲಿ ಸದಾ ಒಂದು ಚಿಟಿಕೆ ತುಂಟತನ. ಅವಳ ಕೋಡನ್ನು, ಅದರ ನಡುವೆ ಅವಳು ಬರೆದಿಟ್ಟ ಟಿಪ್ಪಣಿಗಳ ಸಮೇತ, ಕಂಪ್ಯೂಟರಿನಿಂದ ಓದಿಸಿ ಕೇಳಿ ಒಂದು ದಿನ ನಕ್ಕಿದ್ದ.

"ಎರಡು ಸಾಲಿಗೊಂದು ಸಲ ಸಾರಿ ಅಂತ ಬರೆದಿದೀರ. ಯಾರ ಹತ್ರ ಕೇಳ್ತಿದೀರ ಇಷ್ಟೊಂದು ಸಾರಿ?"

ಇಷ್ಟು ವರ್ಷ ಯಾರೂ ಗಮನಿಸದ್ದನ್ನು ಇವನು ಗಮನಿಸಿದನಲ್ಲ... ಎಂಬುದೇ ಅವಳ ಮನಸ್ಸಿನಲ್ಲಿ ಉಳಿಯಿತು.

ಮೊದಲ ದಿನದ ತಪ್ಪನ್ನು ತೊಳೆದುಕೊಳ್ಳಲು ಅವಳು ಅವನಿಗೆ ಹೇಳದೆ ಒಂದು ಕೆಲಸ ಮಾಡಿದ್ದಳು. ಉಳಿದವರಿಗೆಲ್ಲ ನಾಲ್ಕು ಕೋರ್ ಎಂದು ಮಿತಿ ಹಾಕಿ, ಅವನಿಗೆ ಮಾತ್ರ ಮಿತಿಯನ್ನೇ ತೆಗೆದಿದ್ದಳು.

ತಿಂಗಳೊಳಗೆ ಅದು ಬಯಲಾಯಿತು. ಬಳಗದ ಸುಭಾಷ್, ತನ್ನ ಫಾಂಟಿನ ಪ್ಯಾಕೇಜು ಅರ್ಧ ದಿನ ಕಾದರೂ ಮುಗಿಯುವುದಿಲ್ಲ, ವಿಶ್ರುತನದು ಮಾತ್ರ ಚಿಟಿಕೆ ಹೊಡೆಯುವುದರಲ್ಲಿ ಆಗುತ್ತದೆ, ಯಾಕೆ ಎಂದು ಗುಂಪಿನಲ್ಲಿ ಕೇಳಿದ.

ವಿಶ್ರುತ್ ಸರ್ವರಿನ ಮಿತಿಗಳನ್ನು ತಾನೇ ಪರಿಶೀಲಿಸಿ ನೋಡಿದ. ಆ ಶನಿವಾರ ಬಂದವನು ಕೂರಲಿಲ್ಲ.

"ಎಲ್ಲರಿಗೂ ನಾಲ್ಕು, ನನಗೆ ಮೂವತ್ತೆರಡು. ಯಾಕೆ ಶಿಲ್ಪಶ್ರೀ?"

"ಅವತ್ತು ನಿಮಗೆ ತೊಂದರೆ ಆಯ್ತಲ್ಲ ಅಂತ..." ಎಂದಳು ಅವಳು.

"ಎರಡು ಕೊಟ್ಟಾಗ ಸಿಟ್ಟು ಬಂದಿತ್ತು, ಅಷ್ಟೇ. ಅವತ್ತು ನನ್ನನ್ನ ಎಲ್ಲರ ಹಾಗೆ ಒಬ್ಬ ಅಂತ ಲೆಕ್ಕ ಹಾಕಿದ್ರಿ. ಈಗ ಪಾಪ ಅಂತ ಕೊಟ್ಟಿದೀರ. ಇದ್ರಿಂದ ನೋವಾಗುತ್ತೆ."

ಮುಂದಿನ ಎರಡು ಶನಿವಾರ ಅವನು ಬರಲಿಲ್ಲ. ಅವನ ಹೆಸರಿನಲ್ಲಿ ಸರ್ವರಿಗೆ ಒಂದು ಕೆಲಸವೂ ಬರಲಿಲ್ಲ.

ಪಾಪ ಅಂತಲೇ ಕೊಟ್ಟೆನಾ? ಅವಳು ತನ್ನನ್ನೇ ಕೇಳಿಕೊಂಡಳು. ಮೊದಲ ದಿನ... ಹೌದು, ಸುಳ್ಳು ಹೇಳಬಾರದು. ಆದರೆ ಆಮೇಲೆ? ಬುಧವಾರದಿಂದಲೇ ಶನಿವಾರಕ್ಕೆ ಕಾಯುತ್ತಿದ್ದದ್ದು ಪಾಪ ಅಂತಲಾ? ಹೇಳಲಾಗದ ಮಾತನ್ನು ಕೋರ್‌ಗಳಾಗಿ ಕೊಟ್ಟುಬಿಟ್ಟಿದ್ದಳು. ಅವನಿಗೆ ಬೇಕಿದ್ದದ್ದು ಅದಲ್ಲ.

ಅವಳು ಮಿತಿಗಳನ್ನೆಲ್ಲ ತೆಗೆದು ಹೊಸದಾಗಿ ವ್ಯವಸ್ಥೆ ಬರೆಯಲು ಕುಳಿತಳು. ಮೂವತ್ತೆರಡು ಟೋಕನ್‌ಗಳು, ಎಲ್ಲರಿಗೂ ಸೇರಿ. ಯಾರ ಕೆಲಸವಾದರೂ ಸರಿ, ಒಂದೊಂದು ತುಂಡು ಶುರುವಾಗುವ ಮುಂಚೆ ಒಂದು ಟೋಕನ್ ತೆಗೆದುಕೊಳ್ಳಬೇಕು, ಮುಗಿದೊಡನೆ ವಾಪಸ್ ಇಡಬೇಕು. ಜನ ಹೆಚ್ಚಿದ್ದಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ. ಯಾರೂ ಇಲ್ಲದಾಗ ಇದ್ದವನಿಗೇ ಪೂರ್ತಿ. ಮೂರು ಸಲ ಕೆಟ್ಟಿತು. ಸುಭಾಷನನ್ನೂ ಕೂರಿಸಿಕೊಂಡು ನಾಲ್ಕನೆಯ ಸಲಕ್ಕೆ ಸರಿಮಾಡಿದಳು.

ಭಾನುವಾರ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಗೆ ಹೋದಳು. ಅವನು ಅಲ್ಲಿ ವಾಕಿಂಗ್ ಬರುವುದು ಅವಳಿಗೆ ಗೊತ್ತಿತ್ತು. ಕಲ್ಲುಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದ. ತಾನು ಶಿಲ್ಪಶ್ರೀ ಎಂದು ಹೇಳಿ, ಕೂರಬಹುದಾ ಎಂದು ಕೇಳಿದಳು. ಅವನು ಸರಿದು ಜಾಗ ಕೊಟ್ಟ.

ಹೊಸ ವ್ಯವಸ್ಥೆಯನ್ನು ಅವಳು ವಿವರಿಸುವಷ್ಟು ಹೊತ್ತೂ ಅವನು ತಲೆ ತಗ್ಗಿಸಿ ಕೇಳಿದ. ಬೇಕೆಂತಲೇ ಕಷ್ಟದ ಪ್ರಶ್ನೆ ಹಾಕಿದ. ಟೋಕನ್ ಹಿಡಿದ ಕೆಲಸ ಮಧ್ಯದಲ್ಲೇ ಸತ್ತರೆ? ಸರ್ವರೇ ಅದನ್ನು ವಾಪಸ್ ತೆಗೆದುಕೊಳ್ಳುತ್ತದೆ ಎಂದಳು.

"ನನಗೆ ಎಷ್ಟು?"

"ಎಲ್ಲರಿಗೆ ಎಷ್ಟೋ ಅಷ್ಟೇ. ನನಗೂ ಅಷ್ಟೇ."

ಅವನ ಮುಖ ಸಡಿಲಾಯಿತು. ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬಂತು. ಶಿಲ್ಪಶ್ರೀ ಸೆರಗಿನ ಹಾಗೆ ಹೊದ್ದಿದ್ದ ದುಪಟ್ಟಾವನ್ನು ಬಿಗಿಯಾಗಿ ಹಿಡಿದುಕೊಂಡಳು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಎನಿಸಿತು.

"ಇಷ್ಟು ಹೇಳೋಕೇ ಆಗಿದ್ರೆ ಫೋನ್ ಮಾಡ್ತಿದ್ದೆ, ವಿಶ್ರುತ್. ಮೊದಲ ದಿನ ಪಾಪ ಅನ್ನಿಸಿದ್ದು ನಿಜ. ಅದು ಆ ವಾರಕ್ಕೇ ಮುಗೀತು. ಆಮೇಲೆ ಕೊಟ್ಟಿದ್ದೆಲ್ಲ... ನೀವಂದ್ರೆ ನನಗೆ ಇಷ್ಟ, ಅದಕ್ಕೆ. ಬಾಯಿಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ."

ಅವನು ಕೋಲನ್ನು ಮಡಚಿ ಪಕ್ಕಕ್ಕಿಟ್ಟ.

"ಉತ್ತರ ಈಗಲೇ ಬೇಡ," ಎಂದಳು ಮೆಲ್ಲಗೆ. "ಯೋಚನೆ ಮಾಡಿ ಹೇಳಿ."

"ಎರಡು ವಾರದಿಂದ ಅದೊಂದೇ ಯೋಚನೆ. ನಿಮ್ಮಿಂದ ಅಷ್ಟೊಂದು ನೋವು ಯಾಕಾಯ್ತು ನನಗೆ ಅಂತ." ಅವನು ಅವಳ ಕಡೆ ತಿರುಗಿದ. "ಬೇರೆ ಯಾರಾದ್ರೂ ಪಾಪ ಅಂದ್ರೆ ನಕ್ಕು ಎದ್ದು ಹೋಗ್ತೀನಿ, ಶಿಲ್ಪಶ್ರೀ. ನಿಮ್ಮಿಂದ ಮಾತ್ರ ಆ ಮಾತು ಬೇಡವಾಗಿತ್ತು."

ಅವಳ ಕಣ್ಣು ತುಂಬಿ ಬಂತು. "ಹಾಗಂದ್ರೆ?"

"ಹಾಗಂದ್ರೆ, ನನಗೂ ಇಷ್ಟ," ಎಂದು ಅವನು ಕೈ ಚಾಚಿದ.